ಗಲ್ಲಿಗೆ ಬಣ್ಣ ಹೊಡೆದು ಕೆಟ್ಟೆ

ಶಿರಸಿ ಪೇಟೆಯ ಒಂದು ಗಲ್ಲಿಯ ಮಹಡಿ ಮೇಲೆ ನನ್ನ ಆಫೀಸು. ಮನೆ ಪ್ಲಾನು, ಎಸ್ಟಿಮೇಟು, ಬ್ಯಾಂಕಿಗೆ ವ್ಯಾಲ್ಯುಯೇಶನ್ನು, ಇವೇ ಹೊಟ್ಟೆಪಾಡು. ಎರಡು ಸಾಲು ಅಂಗಡಿಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತ ನಡುವಿನ ಜಾಗವೇ ಈ ಗಲ್ಲಿ. ಉದ್ದ 60 ಮೀಟರ್. ಅಗಲ ಬಾಯಲ್ಲಿ 2.8 ಮೀಟರ್, ಇಕ್ಕಟ್ಟಾದಲ್ಲಿ 2.1. ಬಜಾರಿನಿಂದ ಆಚೆ ರಸ್ತೆಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆದರೂ ಜನ ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು. ಯಾಕೆಂದು ಮೂಗಿದ್ದವರಿಗೆ ಹೇಳಬೇಕಾಗಿರಲಿಲ್ಲ.

ಒಮ್ಮೆ ಪಣಜಿಗೆ ಹೋದವ ಫೊಂಟೈನಾಸ್ ಓಣಿಗಳಲ್ಲಿ ಅರ್ಧ ದಿನ ತಿರುಗಿದೆ. ಹಳದಿ ಗೋಡೆ, ನೀಲಿ ಗೋಡೆ, ಕಿಟಕಿಗೆ ಬಿಳಿ ಅಂಚು, ಮೂಲೆಯಲ್ಲೊಂದು ಚಿಕ್ಕ ಕಾಫಿ ಅಂಗಡಿ. ನಮ್ಮ ಗಲ್ಲಿಗೂ ಇದೇ ಮದ್ದು ಅಂದುಕೊಂಡು ಬಂದೆ. ಅಲ್ಲಿ ಪೋರ್ಚುಗೀಸರ ಕಾಲದಿಂದಲೂ ಮಳೆಗಾಲ ಮುಗಿದ ಮೇಲೆ ಗೋಡೆಗೆ ಮತ್ತೆ ಬಣ್ಣ ಹೊಡೆಯುವ ರೂಢಿ ಇದೆ ಎಂದು ಅಲ್ಲಿಯವರೇ ಹೇಳಿದ್ದರು. ಕೇಳಿಸಿಕೊಂಡಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ.

ಬೇಕಾದ ಪರವಾನಗಿ ತೆಗೆದುಕೊಂಡು, ಅಂಗಡಿಯವರಿಂದ ವರ್ಗಣಿ ಎತ್ತಿ, ಜನವರಿಯಲ್ಲಿ ಕೆಲಸ ಶುರು ಮಾಡಿದೆವು. ನೆಲಕ್ಕೆ ನುಣ್ಣಗಿನ ಟೈಲ್ಸು, ಗೋಡೆಗೆ ಯಕ್ಷಗಾನದ ಕಿರೀಟ, ಮುಖವರ್ಣಿಕೆ, ಎರಡೂ ಬದಿ ಸಿಮೆಂಟ್ ಕುಂಡ. ಏಪ್ರಿಲ್ ಹೊತ್ತಿಗೆ ಮದುವೆಯಾಗುವ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಬಂದರು. ನಾನು ಮಹಡಿ ಮೆಟ್ಟಿಲ ಮೇಲೆ ನಿಂತು ಬೀಗಿದ್ದೂ ಹೌದು.

ಜೂನ್ ಬಂತು. ಹದಿನೈದು ದಿನಕ್ಕೆ ಟೈಲ್ಸಿನ ಮೇಲೆ ಹಾವಸೆ. ಬುಡದಿಂದ ತಂಪು ಹತ್ತಿ ಯಕ್ಷಗಾನದ ಮುಖ ಗಲ್ಲದವರೆಗೆ ಸುಲಿದುಹೋಯಿತು. ಕುಂಡದಲ್ಲಿ ನಿಂತ ನೀರಿಗೆ ಸೊಳ್ಳೆ. ಇವಕ್ಕೆಲ್ಲ ನಗಬಹುದಿತ್ತು. ಆದರೆ ಒಂದು ಬೆಳಿಗ್ಗೆ ಬಳೆ ಅಂಗಡಿಯ ಅಕ್ಕ ಕೊಡೆ ಸಮೇತ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬಳೆ ತೊಡಿಸುವ ಕೈ ಆರು ವಾರ ಪ್ಲಾಸ್ಟರಿನಲ್ಲಿ. ನೋಡಲು ಹೋದಾಗ ಅವರು ಬೈಯಲಿಲ್ಲ. “ತಮ್ಮಾ, ಚಂದ ಎಲ್ಲ ಸರಿ. ನೀರು ಎಲ್ಲಿಗೆ ಹೋಗ್ತದೆ ಅಂತ ಒಂದು ಸಲ ನೋಡೂಕೆ ಆಗ್ತಿರ್ಲಿಲ್ವಾ?” ಅಂದರು. ನಾನು ಸಿವಿಲ್ ಇಂಜಿನಿಯರು!

ಆ ಮಳೆಗಾಲವಿಡೀ ಬೇರೇನೂ ಮಾಡಲಿಲ್ಲ, ಕೊಡೆ ಹಿಡಿದು ನೀರು ನೋಡಿದೆ. ಶಿರಸಿಗೆ ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಲ್ಲಿಯ ಎರಡೂ ಬದಿಯ ಹಂಚಿನ ಮಾಡುಗಳು ಒಳಮುಖವಾಗಿ ಇಳಿದಿವೆ. ಅಂದರೆ ಗಲ್ಲಿಯ ಎರಡೂವರೆ ಮೀಟರ್ ಅಗಲದ ಮಳೆಯ ಜೊತೆಗೆ ಅತ್ತ ಐದು, ಇತ್ತ ಐದು ಮೀಟರ್ ಮಾಡಿನ ಮಳೆಯೂ ಅಲ್ಲಿಗೇ. ಲೆಕ್ಕ ಹಾಕಿದೆ: 750 ಚದರ ಮೀಟರ್. ಗಂಟೆಗೆ 50 ಮಿ.ಮೀ. ಸುರಿದರೆ 37,500 ಲೀಟರ್. ಐದು ಸಾವಿರ ಲೀಟರಿನ ಏಳೂವರೆ ಟ್ಯಾಂಕರ್ ನೀರನ್ನು ಒಂದು ಗಂಟೆಯಲ್ಲಿ ತಂದು ಸುರಿದ ಹಾಗೆ, ಅದೂ ನಡೆಯುವವರ ನೆತ್ತಿಯ ಮೇಲೆ.

ಶಿಕಾಗೊ ನಗರ 2006ರಲ್ಲಿ ‘ಹಸಿರು ಗಲ್ಲಿ’ ಯೋಜನೆ ಶುರು ಮಾಡಿದ್ದು ನೆನಪಾಯಿತು. ಅಲ್ಲಿಯ ಎಷ್ಟೋ ಗಲ್ಲಿಗಳಿಗೆ ಚರಂಡಿ ಸಂಪರ್ಕವೇ ಇರಲಿಲ್ಲ. ಅದಕ್ಕೆ ನೀರು ಇಂಗಿಸಿಕೊಳ್ಳುವ ನೆಲಹಾಸು ಹಾಕಿದರು. ನನಗೂ ಆಸೆಯಾಯಿತು. ಆದರೆ ಶಿಕಾಗೊದ ಮಳೆ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು, ಅದೂ ಹನ್ನೆರಡು ತಿಂಗಳಿಗೆ ಹಂಚಿ ಬರುವಂಥದ್ದು. ನಮ್ಮಲ್ಲಿ ಆಷಾಢಕ್ಕೆ ನೆಲವೇ ಉಬ್ಬಿ ಒಸರುತ್ತಿರುತ್ತದೆ. ಕುಡಿದು ತುಂಬಿದವನಿಗೆ ಇನ್ನೊಂದು ಲೋಟ ಕೊಟ್ಟರೆ ಎಲ್ಲಿ ಹೋದೀತು? ಹರಿಸಲೇಬೇಕು.

ಎರಡನೇ ಸಲ ಶುರು ಮಾಡಿದ್ದು ಮೇಲಿನಿಂದ, ಮಾಡಿನ ಅಂಚಿಗೆ ನೀರು ಹಿಡಿಯುವ ತಗಡಿನ ದೋಣಿ, ಅದರಿಂದ ನೆಲದೊಳಗೆ ಪೈಪು. ಕಾಗದದ ಮೇಲೆ ಒಂದು ಗೆರೆ. ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಟೇಲರ್ ಅಂಗಡಿಯ ಮಾವ ಕಬ್ಬಿಣದ ಟ್ರಂಕಿನಿಂದ ಪಾಲುಪಟ್ಟಿಯನ್ನೇ ತೆಗೆದರು. ಮಡಿಕೆಯಲ್ಲಿ ಹರಿದ ಕಾಗದ, ಹಿಂದೆ ಬಟ್ಟೆ ಅಂಟಿಸಿತ್ತು. ಬೆರಳಿಟ್ಟು ಓದಿದರು: “ಸೂರಿನ ನೀರು ಗಲ್ಲಿಗೆ ಬೀಳುವ ಹಕ್ಕು. ಅಜ್ಜನ ಕಾಲಕ್ಕೇ ಬರ್ದದೆ ನೋಡು.” ನಾನೆಂದೆ, “ಹಕ್ಕು ನಿಮ್ಮದೇ ಮಾವ. ನೀರು ಪೈಪಿನೊಳಗೆ ಬಿದ್ರೂ ಗಲ್ಲಿಗೇ ಬಿದ್ದ ಹಾಗೆ.” ಅದನ್ನು ಬರೆದುಕೊಡಬೇಕಾಯಿತು. ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ.

ನೆಲ ಅಗೆಯುವಾಗ ಇನ್ನೊಂದು ಗುಟ್ಟು ಬಯಲಾಯಿತು. ಕಾಂಕ್ರೀಟಿನ ಕೆಳಗೆ ಕಾಂಕ್ರೀಟು, ಅದರ ಕೆಳಗೆ ಮತ್ತೊಂದು. ಪ್ರತಿ ಸಲದ ಕಾಮಗಾರಿಯಲ್ಲೂ ಹಳೆಯದನ್ನು ಒಡೆಯದೆ ಮೇಲೆ ನಾಲ್ಕಿಂಚು ಎಳೆದು ಹೋಗಿದ್ದರು. ಗಲ್ಲಿ ಒಂದಡಿ ಎತ್ತರವಾಗಿ, ಹೊಸ್ತಿಲುಗಳು ಹೊಂಡದಲ್ಲಿ ಕೂತಿದ್ದವು. ಹಿಂದಿನ ಬಾಗಿಲುಗಳನ್ನು ಯಾಕೆ ಮುಚ್ಚಿ ಹಲಗೆ ಹೊಡೆದಿದ್ದಾರೆ ಎಂಬುದು ಆಗ ತಿಳಿಯಿತು. ತೆರೆದರೆ ನೀರು ಒಳಗೆ. ಎಲ್ಲ ಒಡೆದು ಹಾಕಿ, ನಡುವೆ ಹತ್ತಿಂಚಿನ ಪೈಪು ಹೂತು, ಮೂರು ಕಡೆ ಚೇಂಬರ್ ಕಟ್ಟಿ, ಹಳೇ ಮಟ್ಟಕ್ಕೇ ನೆಲ ಇಳಿಸಿದೆವು. ಎರಡೂ ಗೋಡೆಯಿಂದ ನಡುವಿಗೆ ಒಂದಿಂಚು ತಗ್ಗು, ಅಷ್ಟು ಸಾಕು. ಉದ್ದಕ್ಕೆ 1.2 ಮೀಟರ್ ಇಳಿಜಾರು ಮೊದಲೇ ಇತ್ತು, ಪುಣ್ಯ.

ನೆಲಕ್ಕೆ ಹಾಸಲು ಚಿರೇಕಲ್ಲು ಬೇಡ ಎಂದು ನಾನೇ ಹಟ ಹಿಡಿದೆ. ಅದು ನಮ್ಮೂರಿನ ಕಲ್ಲು, ಬಣ್ಣ ಚಂದ ಹೌದು. ಆದರೆ ಅದರ ಮೈಯೆಲ್ಲ ತೂತು, ನೆಲಕ್ಕೆ ಹಾಸಿದರೆ ನೀರು ಹಿಡಿದು ಹಸಿರಾಗುತ್ತದೆ. ಕರಿಕಲ್ಲಿನ ಚಪ್ಪಡಿ ತರಿಸಿ ಉಳಿಯಿಂದ ಒರಟು ಪೆಟ್ಟು ಹಾಕಿಸಿದೆವು. ಕಲ್ಲು ಕೆಲಸದವ ಪೆಟ್ಟನ್ನು ಗಲ್ಲಿಯ ಉದ್ದಕ್ಕೆ ಹಾಕಲು ಹೊರಟಿದ್ದ. ಅಡ್ಡಕ್ಕೆ ಹಾಕಿಸಿದೆ. ಕಾಲು ಜಾರುವುದು ಮುಂದಕ್ಕೆ ತಾನೆ? ಜಾಲರಿಯ ಸರಳುಗಳನ್ನೂ ನಡಿಗೆಗೆ ಅಡ್ಡವಾಗಿಯೇ ಕೂರಿಸಿದೆವು, ಊರುಗೋಲಿನ ತುದಿ ಸಿಕ್ಕಬಾರದೆಂದು. ಇಷ್ಟಾದರೂ ಹಾವಸೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರು ಚೆಲ್ಲಿ ಕಡ್ಡಿ ಪೊರಕೆಯಲ್ಲಿ ಉಜ್ಜಲೇಬೇಕು. ಅದಕ್ಕೆ ಪಾಳಿ ಹಚ್ಚಿದ್ದೇವೆ.

ಗಾಡಿಯ ವಿಷಯದಲ್ಲಿ ಜಗಳವೇ ಆಯಿತು. “ಗಾಡಿ ಒಳಗೆ ಬರದಿದ್ರೆ ಗಿರಾಕಿ ಎಲ್ಲಿಂದ ಬರ್ತಾರೆ?” ಎಂಬ ಪ್ರಶ್ನೆಗೆ ನಾನು ಆಸ್ಟ್ರೇಲಿಯಾದ ಮೆಲ್ಬೋರ್ನಿನ ಗಲ್ಲಿಗಳು, ಚರ್ಚ್ ಸ್ಟ್ರೀಟ್ ಎಂದೆಲ್ಲ ಉದಾಹರಣೆ ಕೊಟ್ಟೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿದ್ದರಲ್ಲ, ಅದು. ಒಬ್ಬರಿಗೂ ತಾಗಲಿಲ್ಲ. ಕೊನೆಗೆ ತಾಗಿದ್ದು ಮಾರಿಕಾಂಬೆಯೇ. “ಜಾತ್ರೆಯಲ್ಲಿ ಯಾರ ಬೈಕು ಬಿಡಕಿಬೈಲಿನ ಗದ್ದುಗೆ ತನಕ ಬರ್ತದೆ? ಆಗ ವ್ಯಾಪಾರ ಕಡಿಮೆ ಆಗ್ತದಾ?” ಎಂದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ನಡೆಯುತ್ತದೆ, ಜಾತ್ರೆಯಿಲ್ಲದ ವರ್ಷ ಹೋಳಿಯ ಬೇಡರ ವೇಷದ ಕುಣಿತಕ್ಕೆ ನಡುರಾತ್ರಿವರೆಗೆ ರಸ್ತೆಯಲ್ಲೇ ಇರುತ್ತದೆ. ಆಮೇಲೆ ಚರ್ಚೆ ಸ್ವಲ್ಪ ತಣ್ಣಗಾಯಿತು.

ಬಾಯಲ್ಲಿ ಕಂಬ ನೆಟ್ಟರೆ ಬೈಕು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾಲಿಕುರ್ಚಿ ಹಾಯುವ ಸಂದಿಯಲ್ಲಿ ಬೈಕೂ ಹಾಯುತ್ತದೆ. ಮೆಟ್ಟಿಲು ಕಟ್ಟಿದರೆ ಗ್ಯಾಸ್ ಸಿಲಿಂಡರಿನ ಕೈಗಾಡಿಯೂ ನಿಲ್ಲುತ್ತದೆ. ಒಂದು ತಿಂಗಳು ಮಹಡಿಯಿಂದ ಎಣಿಸಿದೆ. ಒಳಗೆ ಬರುವ ಬೈಕುಗಳಲ್ಲಿ ಹೆಚ್ಚಿನವು ಗಿರಾಕಿಗಳದ್ದಲ್ಲ, ನಮ್ಮ ಅಂಗಡಿಯವರದ್ದೇ, ಒಂದು ನನ್ನದು. ಆಚೆ ರಸ್ತೆಯಲ್ಲಿ ಒಂದು ಖಾಲಿ ಹಿತ್ತಲನ್ನು ತಿಂಗಳ ಬಾಡಿಗೆಗೆ ಹಿಡಿದು ಎಲ್ಲರೂ ಅಲ್ಲಿಡಲು ಶುರು ಮಾಡಿದ ಮೇಲೆ ಬೇರೆಯವರೂ ಬಿಟ್ಟರು, ಪೂರ್ತಿ ಅಲ್ಲ.

ಬೆಂಚು ಬೇಕೆಂದು ನಾಲ್ಕು ಜನ, ಕುಂಡ ಬೇಕೆಂದು ಆರು ಜನ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿಯಲ್ಲಿ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ತೆರವು ಬೇಕು ಎಂದಿತ್ತು. ಅದನ್ನು ಓದಿ ಹೇಳಿದರೆ ಆಕಳಿಸಿದರು. ಆಗ ಕೊನೆಯ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದರು, “ಎಲ್ಲ ಇಡಿ ಮಾರಾಯ್ರಾ. ನಾಳೆ ನನ್ನ ಚಟ್ಟ ಹೊರಗೆ ಒಯ್ಯೂಕೆ ಜಾಗ ಉಳೀತದಾ?” ಅಲ್ಲಿಗೆ ಮುಗಿಯಿತು. ಇಕ್ಕಟ್ಟಿನಲ್ಲಿ ನೆಲದ ಮೇಲೆ ಏನೂ ಇಲ್ಲ, ಗಿಡಗಳು ಗೋಡೆಯ ಕೊಕ್ಕೆಗೆ. ಅಗಲವಿದ್ದ ಬಾಯಲ್ಲಿ ಮಾತ್ರ ಗೋಡೆಗಂಟಿದ ಒಂದು ಕಟ್ಟೆ.

ಮೂತ್ರದ ಮೂಲೆಗೆ ಮೊದಲ ಸಲ ದೇವರ ಟೈಲ್ಸು ಅಂಟಿಸಿದ್ದೆವು. ದೇವರು ಅಲ್ಲೇ ಉಳಿದ, ಜನ ಹತ್ತಡಿ ಈಚೆ ಬಂದರು. ಈ ಸಲ ಮಾಡಿದ್ದು ಬೇರೇನೂ ಅಲ್ಲ, ಸೂರಿನ ಕೆಳಗೆ ಎಂಟಡಿ ಎತ್ತರಕ್ಕೆ ಹಳದಿ ಬೆಳಕಿನ 5 ವ್ಯಾಟ್ ಬಲ್ಬುಗಳು, ಅಂಗಡಿಗೊಂದರಂತೆ ಅವರವರ ಮೀಟರಿನಿಂದ. ಸಂಜೆ ಆರರಿಂದ ಹತ್ತರ ತನಕ ಉರಿದರೆ ತಿಂಗಳಿಗೆ ಮುಕ್ಕಾಲು ಯುನಿಟ್ಟೂ ಆಗದು. ಮತ್ತೆ, ಆ ಮೂಲೆಯ ಗೋಡೆ ಬಳೆ ಅಂಗಡಿಯ ಬೆನ್ನು. ಅಕ್ಕ ಹಲಗೆ ಕೀಳಿಸಿ ಹಿಂದಿನ ಬಾಗಿಲು ತೆರೆದು ಅಲ್ಲೊಂದು ಬಳೆ ಸ್ಟ್ಯಾಂಡು ಇಟ್ಟು ಕೂತರು. ಕೂತವರ ಎದುರು ಯಾರೂ ಗೋಡೆಗೆ ಮುಖ ಮಾಡಿ ನಿಲ್ಲಲಿಲ್ಲ. ಅದನ್ನು ನೋಡಿ ಟೇಲರ್ ಮಾವನೂ ಮಶೀನನ್ನು ಹಿಂಬದಿಗೆ ತಿರುಗಿಸಿದರು, ಬೆಳಕು ಚೆನ್ನಾಗಿ ಬರ್ತದೆ ಎಂದು. ಈಗ ಐದು ಬಾಗಿಲು ತೆರೆದಿವೆ. ಶಾಲೆ ಬಿಟ್ಟ ಮಕ್ಕಳು ಈ ದಾರಿಯಲ್ಲೇ ಬರುತ್ತಾರೆ.

ಗೋಡೆಗೆ ಈಗ ಬರೀ ಸುಣ್ಣ. ನವರಾತ್ರಿಗೆ ಮುಂಚೆ ಒಂದು ಕೈ ಹೊಡೆಯುತ್ತೇವೆ.

ಒಂದು ಮಾಡಿಗೆ ಮಾತ್ರ ಇನ್ನೂ ದೋಣಿ ಕಟ್ಟಿಲ್ಲ. ಅಣ್ಣತಮ್ಮಂದಿರ ಪಾಲು ಆಗಿಲ್ಲ, ಒಬ್ಬರು ಮುಂಬಯಿ, ಒಬ್ಬರು ಹುಬ್ಬಳ್ಳಿ, ಒಬ್ಬರ ಸಹಿ ಸಿಕ್ಕರೆ ಇನ್ನೊಬ್ಬರದ್ದು ಇಲ್ಲ. ಮಳೆ ಬಂದಾಗ ಅಷ್ಟು ಉದ್ದಕ್ಕೆ ನೀರು ಪರದೆಯ ಹಾಗೆ ಸುರಿಯುತ್ತದೆ. ದೊಡ್ಡವರು ಕೊಡೆ ಓರೆ ಮಾಡಿ ಗೋಡೆಗೆ ಒತ್ತಿ ದಾಟುತ್ತಾರೆ, ಮಕ್ಕಳು ಕೊಡೆ ಮಡಚಿ ನಡುವಿನಲ್ಲೇ ಹೋಗುತ್ತವೆ.