ಸಾಲಿ ಹುಡುಗ್ರ ಜೊತಿ ನವಾಹೋ ಥರದ ಕೋಡ್ ಮಾಡೋದು ಹೆಂಗ

ನಮ್ಮ ಕೊಪ್ಪಳ, ರಾಯಚೂರು ಕಡೆ ಒಂದಽ ಕ್ಲಾಸಿನ್ಯಾಗ ಕನ್ನಡ, ಉರ್ದು, ತೆಲುಗು, ತಾಂಡಾದ ಹುಡುಗ್ರ ಲಂಬಾಣಿ ಎಲ್ಲಾ ಇರ್ತಾವಲ್ರಿ, ಈ ಆಟಕ್ಕ ಅದಽ ಬಂಡವಾಳ.

ಮೊದ್ಲ ಕಥಿ ಹೇಳ್ರಿ. ನವಾಹೋ ಅಂದ್ರ ಅಮೆರಿಕಾದ ಒಂದು ಮೂಲನಿವಾಸಿ ಬುಡಕಟ್ಟು, ಅವ್ರ ಭಾಷೆ ಹೆಸರೂ ಅದಽ. ಎರಡನೇ ಮಹಾಯುದ್ಧ ನಡದಾಗ, 1942ರಾಗ, ಅಮೆರಿಕಾದ ಮರೀನ್ ಪಡೆ 29 ಮಂದಿ ನವಾಹೋ ಹುಡುಗ್ರನ್ನ ಸೇರಿಸ್ಕೊಂಡು ಅವ್ರ ಕೈಲೇ ಸುದ್ದಿ ಗುಟ್ಟಾಗಿ ಕಳಿಸಾಕ ಕೋಡ್ ಮಾಡಿಸ್ತು, ಜಪಾನಿನವ್ರಿಗೆ ಅದನ್ನ ಕಡೀತನಕ ಒಡ್ಯಾಕ ಆಗ್ಲಿಲ್ಲ. ಅವ್ರಾಗ ಎಷ್ಟೋ ಮಂದಿ ಸಣ್ಣವ್ರಿದ್ದಾಗ ಬೋರ್ಡಿಂಗ್ ಸಾಲಿಯೊಳಗ ಇದಽ ಭಾಷೆ ಮಾತಾಡಿದ್ದಕ್ಕ ಶಿಕ್ಷೆ ಅನುಭವಿಸಿದವ್ರು. ಇದನ್ನ ಮಾತ್ರ ಬಿಡಬ್ಯಾಡ್ರಿ, ತಾಂಡಾದ ಹುಡುಗ್ರು ಕೇಳ್ಬೇಕು.

ಬರೇ ಮನಿಭಾಷೆ ಮಾತಾಡಿದ್ರ ಕೋಡ್ ಆಗಂಗಿಲ್ಲ. ಜಪಾನಿನವ್ರ ಕೈಗೆ ಸಿಕ್ಕಿದ್ದ ಜೋ ಕಿಯೋಮಿಯಾ ಅನ್ನೋ ನವಾಹೋ ಸೈನಿಕನ್ನ ಹಿಂಸಾ ಕೊಟ್ಟು ಕೇಳಿದ್ರು, ಆದ್ರ ಅವ ಕೋಡ್ ಕಲ್ತಿದ್ದಿಲ್ಲ, ಬಿಡಿ ಶಬ್ದ ತಿಳಿದ್ರೂ ಸುದ್ದಿ ಏನಂತ ಹತ್ಲಿಲ್ಲ. ಯಾಕಂದ್ರ ಕೋಡಿನ್ಯಾಗ ಯುದ್ಧದ ಟ್ಯಾಂಕಿಗೆ ಆಮಿ, ಕೈಬಾಂಬಿಗೆ ಆಲೂಗಡ್ಡಿ, ಸಬ್‌ಮರೀನಿಗೆ ಕಬ್ಬಿಣದ ಮೀನು ಅಂತಿದ್ರು ನೋಡ್ರಿ.

ನೀವೂ ಹಂಗಽ ಮೊದ್ಲ ಕನ್ನಡದಾಗ ಹೆಸರಿಡ್ರಿ, ಲೈಬ್ರರಿಗೆ ಹಗೇವು (ಕಾಳು ತುಂಬಿಡೋ ನೆಲದಾಗಿನ ಕುಣಿ), ನೀರಿನ ಟ್ಯಾಂಕಿಗೆ ಎಮ್ಮಿ, ಹಿಂಗ ಇಪ್ಪತ್ತು ಸಾಕು, ಆಮ್ಯಾಲೆ ಅದನ್ನ ಲಂಬಾಣಿಯೊಳಗ ಏನಂತಾರ ಅಂತ ತಾಂಡಾದ ಹುಡುಗ್ರಽ ಉಳಿದವ್ರಿಗೆ ಕಲಿಸ್ಲಿ, ಆ ಹೊತ್ತಿನ್ಯಾಗ ಮಾಸ್ತರು ಅವ್ರಽ.

ಊರ ಹೆಸರು ಕಳಿಸ್ಬೇಕಂದ್ರ ಅಕ್ಷರ ಬೇಕು. ಮಸ್ಕಿ ತಗೊಳ್ರಿ: ಮೆಣಸಿನಕಾಯಿ, ಸಜ್ಜಿ, ಕುರಿ. ಹೇಳಾವ ಮೂರನ್ನೂ ಲಂಬಾಣಿಯೊಳಗ ಹೇಳ್ತಾನ, ಕೇಳಾವ ಮನಸಿನ್ಯಾಗ ಕನ್ನಡಕ್ಕ ತಂದು ಮೊದಲ ಅಕ್ಷರ ಹಿಡೀತಾನ, ಮ-ಸ-ಕ ಸಿಕ್ತು ಅಂದ್ರ ಒತ್ತು, ಗುಣಿತ ಹುಡುಗ್ರು ತಾವಽ ಕೂಡಿಸ್ಕೊಂತಾರ. ಪದೇ ಪದೇ ಬರೋ ಅಕ್ಷರಕ್ಕ ಎರಡ್ಮೂರು ಶಬ್ದ ಇರ್ಲಿ, ಇಲ್ಲಂದ್ರ ಯಾವ ಶಬ್ದ ಎಷ್ಟು ಸಲ ಬಂತು ಅಂತ ಎದುರಿನವ್ರು ಎಣಿಸಿ ಹಿಡದಬಿಡ್ತಾರ. ಇಂಗ್ಲಿಷಿನ ಎ ಅಕ್ಷರಕ್ಕ ನವಾಹೋದವ್ರು ಇರುವಿ, ಸೇಬು, ಕೊಡ್ಲಿ ಮೂರೂ ಇಟ್ಕೊಂಡಿದ್ರು.

ಚೀಟಿ ಬರ್ಕೊಳ್ಳಾಕ ಬಿಡಬ್ಯಾಡ್ರಿ. ನವಾಹೋದವ್ರು ಸುಮಾರು 200 ಶಬ್ದದಿಂದ ಶುರು ಮಾಡಿ 400 ದಾಟ್ಸಿದ್ರು, ಎಲ್ಲಾ ಬಾಯಿಪಾಠ, 1945ರಾಗ ಜಪಾನಿನ ಇವೊ ಜಿಮಾ ದ್ವೀಪದ ಯುದ್ಧದಾಗ ಮೊದಲ ಎರಡು ದಿನ ಆರು ಮಂದಿ 800ಕ್ಕಿಂತ ಹೆಚ್ಚು ಸುದ್ದಿ ಒಂದೂ ತಪ್ಪಿಲ್ದಂಗ ಸಾಗಿಸಿದ್ರು.

ಪರೀಕ್ಷೆ ಮಾಡೋವಾಗ ಕದ್ದು ಕೇಳೋ ಗುಂಪಿನ್ಯಾಗ ಕೋಡ್ ಗೊತ್ತಿಲ್ಲದ ಒಬ್ಬ ಲಂಬಾಣಿ ಹುಡುಗ್ನ ಬೇಕಂತಲೇ ಕುಂದ್ರಸ್ರಿ. ಅವಗ ಎಮ್ಮಿ, ಕುರಿ ಕೇಳಿಸಿ ಸುದ್ದಿ ತಿಳೀಲಿಲ್ಲ ಅಂದ್ರ ಕೋಡ್ ಗಟ್ಟಿ, ತಿಳೀತು ಅಂದ್ರ ಹೆಸರು ಬದ್ಲಿ ಮಾಡಿ ಮತ್ತ ಶುರು ಮಾಡ್ರಿ.