ಬೀಜಗಳನ್ನು ಹಸಿಯಾಗಿ ತಿನ್ನುವವರು ಸ್ವಲ್ಪ ಗಮನಿಸಿ

ಎಳ್ಳು, ಅಗಸೆ, ಚಿಯಾ, ಸೂರ್ಯಕಾಂತಿ ಬೀಜಗಳನ್ನು ಪ್ಯಾಕೆಟ್ ಒಡೆದು ಹಾಗೇ ತಿನ್ನುವವರು ಜಾಸ್ತಿ ಅಲ್ವಾ? ಒಣ ಬೀಜದಲ್ಲಿ ರೋಗಾಣು ಬೆಳೆಯುವುದಿಲ್ಲ, ನಿಜ. ಆದರೆ ಬೇಗ ಸಾಯುವುದೂ ಇಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ.

ನೀರು ತಾಗಿದ ಮೇಲೆ ಕಥೆ ಬೇರೆ. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಕ್ಕೂ ಬೇಕು. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತ ಇ. ಕೋಲಿ ಬ್ಯಾಕ್ಟೀರಿಯಾ ಸೋಂಕಿನ ಜಾಡು ಕೊನೆಗೆ ಹೋಗಿ ನಿಂತದ್ದು ಮೊಳಕೆಗೆ ಬಳಸಿದ ಮೆಂತ್ಯದ ಹತ್ತಿರ. ತೊಳೆದರೆ ಸಾಕಲ್ವಾ ಅನ್ನಬಹುದು. ಸಾಲದು. ಸಿಪ್ಪೆಯ ಸಣ್ಣ ಬಿರುಕಿನಲ್ಲಿ ಅಡಗಿದ್ದು ನೀರಿಗೆ ಸಿಗುವುದಿಲ್ಲ. ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರಿಗಂತೂ ಹಸಿ ಮೊಳಕೆ ಬೇಡವೇ ಬೇಡ.

ಹುರಿದರೆ ಅಪಾಯ ಕಡಿಮೆಯಾಗುತ್ತದೆ. ಆದರೆ ಒಣಗಿದ ಸ್ಥಿತಿಯಲ್ಲಿ ಸಾಲ್ಮೊನೆಲ್ಲಾ ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಬಾಣಲೆಯಲ್ಲಿ ನೆಪಕ್ಕೆ ಒಂದು ಸುತ್ತು ಕೈಯಾಡಿಸಿದರೆ ಪ್ರಯೋಜನವಿಲ್ಲ.

ಮುಗ್ಗಲು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ನೆನೆಸಿದ ಚಿಯಾ ರಾತ್ರಿಯಿಡೀ ಹೊರಗೆ ಬೇಡ, ಫ್ರಿಜ್ಜಿನಲ್ಲಿಡಿ. ಡಬ್ಬಕ್ಕೆ ಒದ್ದೆ ಚಮಚ ಹಾಕಬೇಡಿ.