ಪಥ್ಯ ಶುರು ಮಾಡುವ ಮೊದಲು ಮಾತ್ರೆ ಚೀಟಿ ತೆಗೆದಿಡಿ

ಅಪ್ಪನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮನೆಯಲ್ಲಿ ಅಡುಗೆ ನನ್ನದು. ಒಳ್ಳೇದಾಗಲಿ ಅಂತ ಒಮ್ಮೆಲೇ ಅವರ ಅನ್ನ ಅರ್ಧಕ್ಕೆ ಇಳಿಸಿಬಿಟ್ಟೆ. ಮಾತ್ರೆ ಮಾತ್ರ ಮೊದಲಿನಷ್ಟೇ ನಡೀತಿತ್ತು. ಮೂರನೇ ದಿನ ಸಂಜೆ ನೋಡಿದರೆ ಅಪ್ಪ ಕುರ್ಚಿಯಲ್ಲಿ ಬೆವತು ಕೂತಿದ್ದಾರೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರಿನಲ್ಲಿ 58, ಅಂದರೆ ಸಕ್ಕರೆ ತೀರಾ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದಾಗ 84. (ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.)

ಊಟಕ್ಕೆ ಎಷ್ಟು ಶಕ್ತಿ ಇದೆ ಅಂತ ನನಗೆ ಅವತ್ತು ಗೊತ್ತಾಯಿತು. ಅದಕ್ಕೇ ಹೇಳುತ್ತೇನೆ, ಊಟ ಬದಲಿಸುವ ಮೊದಲು ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. 'ಅನ್ನ ಇಷ್ಟು ಕಡಿಮೆ ಮಾಡ್ತೀವಿ, ಡೋಸ್ ಬದಲಿಸಬೇಕಾ?' ಅಂತ ನೇರವಾಗಿ ಕೇಳಿ. ಇನ್ಸುಲಿನ್, ಅಥವಾ ಗ್ಲಿಮೆಪಿರೈಡ್ ತರಹದ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ಇದ್ದರಂತೂ ಕೇಳಲೇಬೇಕು. ನೀವಾಗೇ ಮಾತ್ರೆ ಬಿಡಲೂಬೇಡಿ.

ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ. ತರಕಾರಿ ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ಊಟ ಶುರು ಮಾಡಿ ಎರಡು ಗಂಟೆಗೆ ಸಕ್ಕರೆ ನೋಡಿ, ಏನು ತಿಂದರು ಅನ್ನುವುದರ ಪಕ್ಕದಲ್ಲೇ ಬರೆದಿಡಿ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಕಥೆ. ಹಾಗಾಗಿ ವಾರಕ್ಕೇ ಫಲ ಕಾಣಲಿಲ್ಲ ಅಂತ ಕೈ ಬಿಡಬೇಡಿ.

ಉಪ್ಪಿನದೇ ದೊಡ್ಡ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಕೈಯಳತೆಯಲ್ಲಿ ಹಾಕಿದರೆ ಇದು ಯಾವತ್ತೂ ಸಿಗುವುದಿಲ್ಲ. ನಾನು ಬೆಳಿಗ್ಗೆಯೇ ತಲೆಗೆ ಮುಕ್ಕಾಲು ಚಮಚದ ಲೆಕ್ಕದಲ್ಲಿ ಉಪ್ಪನ್ನು ಪುಟ್ಟ ಡಬ್ಬಿಗೆ ತೆಗೆದು, ದೊಡ್ಡ ಡಬ್ಬಿಯನ್ನು ಮೇಲಿನ ಕಪಾಟಿಗೆ ಸೇರಿಸುತ್ತೇನೆ. ಇಡೀ ದಿನದ ಅಡುಗೆ ಅಷ್ಟರಲ್ಲೇ. ಮೊದಲ ವಾರ ಅಪ್ಪ ತುತ್ತು ಬಾಯಲ್ಲಿಟ್ಟು ನನ್ನ ಮುಖ ನೋಡುತ್ತಿದ್ದರು. ನಿಂಬೆರಸ, ಮೆಣಸು, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಮಾಡಿದೆ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿತು. ಪೊಟ್ಟಣದ ತಿಂಡಿಯಲ್ಲಿ ಉಪ್ಪು ಅಂತ ಬರೆದಿರದೆ ಸೋಡಿಯಂ ಅಂತ ಇದ್ದರೆ, ಅದನ್ನು ಎರಡೂವರೆಯಿಂದ ಗುಣಿಸಿ. ಉಪ್ಪಿನ ಲೆಕ್ಕ ಸಿಗುತ್ತದೆ.

ಕಡಿಮೆ ಸೋಡಿಯಂ ಉಪ್ಪನ್ನು ಸುಮ್ನೆ ತಂದು ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೂ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೂ ಅದು ಅಪಾಯ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಅಂತ ಮಾಡಬಾರದು, ಮಾತ್ರೆಯ ಪರಿಣಾಮ ಏರುಪೇರಾಗುತ್ತದೆ. ಒಬ್ಬರಿಗೆ ಒಳ್ಳೆಯದು ಇನ್ನೊಬ್ಬರಿಗೂ ಒಳ್ಳೆಯದೇ ಆಗಬೇಕಿಲ್ಲ, ಅಲ್ವಾ?

ಕಳೆದ ಸಲ ಡಾಕ್ಟರು ನಮ್ಮ ನೋಟ್‌ಬುಕ್ ಪೂರ್ತಿ ತಿರುವಿ ನೋಡಿ ಒಂದು ಮಾತ್ರೆ ಅರ್ಧಕ್ಕೆ ಇಳಿಸಿದರು. ಆ ಪುಟದಲ್ಲಿ ತಾರೀಖು ಬರೆದದ್ದು ಅಪ್ಪನೇ.